ಅಂಟಾರ್ಕ್ಟಿಕಾದ ಹೆಸರುಗಳನ್ನು ಹುಡುಕಲು ಸ್ಕಾರ್ ಗೆಜೆಟಿಯರ್: ಬಳಸುವ ಬಗೆ, ಎಡವುವ ಜಾಗ

ಅಂಟಾರ್ಕ್ಟಿಕಾದ ಒಂದು ಶಿಖರಕ್ಕೋ ಹಿಮನದಿಗೋ ಆ ಹೆಸರು ಯಾಕೆ ಬಂತು ಎಂದು ತಿಳಿಯಬೇಕಾದರೆ ಮೊದಲು ತೆರೆಯಬೇಕಾದ್ದು ಸ್ಕಾರ್ (ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿ) ಸಂಸ್ಥೆಯ ಕಾಂಪೊಸಿಟ್ ಗೆಜೆಟಿಯರ್, ಅಂದರೆ ಸ್ಥಳನಾಮಗಳ ಒಟ್ಟು ಪಟ್ಟಿ. ಉಚಿತ, ಲಾಗಿನ್ ಬೇಡ. ಆ ಖಂಡದಲ್ಲಿ ಹೆಸರಿಡುವ ಅಧಿಕಾರ ಯಾವ ಒಂದು ದೇಶಕ್ಕೂ ಇಲ್ಲ. ಹೀಗಾಗಿ ದೇಶದೇಶದ ಸಮಿತಿಗಳು ಒಪ್ಪಿದ ಹೆಸರುಗಳನ್ನು 1992ರಿಂದ ಇಲ್ಲಿ ಕೂಡಿಸುತ್ತ ಬಂದಿದ್ದಾರೆ. ಯಾವ ಹೆಸರು ಸರಿ ಎಂಬ ತೀರ್ಪನ್ನು ಈ ಪಟ್ಟಿ ಕೊಡುವುದಿಲ್ಲ. ಅದೇ ಇದರ ಬೆಲೆ.

ಹೆಸರು ಟೈಪ್ ಮಾಡಿ ಸಿಕ್ಕ ಮೊದಲ ಸಾಲಿಗೇ ನಿಲ್ಲಬೇಡಿ. ಆ ಜಾಗಕ್ಕೆ ಕೊಟ್ಟ ಗುರುತಿನ ಸಂಖ್ಯೆಯನ್ನು (ಐಡಿ) ಬರೆದಿಟ್ಟುಕೊಂಡು ಆ ಸಂಖ್ಯೆಯಿಂದ ಮತ್ತೆ ಹುಡುಕಿದರೆ ಅದೇ ಜಾಗಕ್ಕೆ ಬೇರೆ ದೇಶಗಳು ಇಟ್ಟ ಹೆಸರುಗಳೂ ಬರುತ್ತವೆ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪವನ್ನೇ ನೋಡಿ: ಬ್ರಿಟಿಷರಿಗೆ ಅದು ನೌಕಾಖಾತೆಯ ಮುಖ್ಯಸ್ಥ ಜೇಮ್ಸ್ ಗ್ರಹಾಂ ಹೆಸರಿನ ಗ್ರಹಾಂ ಲ್ಯಾಂಡ್, ಅಮೆರಿಕನ್ನರಿಗೆ ಸೀಲ್ ಬೇಟೆಗಾರ ನಥಾನಿಯಲ್ ಪಾಮರ್ ಹೆಸರಿನ ಪಾಮರ್ ಪೆನಿನ್ಸುಲಾ. ಇಬ್ಬರೂ ಈಗಿನ ಹೆಸರಿಗೆ ಒಪ್ಪಿದ್ದು 1964ರಲ್ಲಿ. ಅದೇ ಜಾಗಕ್ಕೆ ಚಿಲಿಯವರ ಓ'ಹಿಗಿನ್ಸ್, ಅರ್ಜೆಂಟೀನಾದವರ ಸಾನ್ ಮಾರ್ಟಿನ್ ಎಂಬ ಹೆಸರುಗಳು ಇನ್ನೂ ಉಳಿದಿವೆ.

ನಿಜವಾದ ಸಂಪತ್ತು ಇರುವುದು 'ನರೇಟಿವ್' ಎಂಬ ವಿವರಣೆಯ ಭಾಗದಲ್ಲಿ. ಹೆಸರು ಹೊತ್ತವನೇ ಕಂಡುಹಿಡಿದವನೆಂದು ಊಹಿಸುವುದು ಎಲ್ಲರೂ ಮಾಡುವ ತಪ್ಪು. ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ 1841ರಲ್ಲಿ ಕಂಡ ಎರಡು ಪರ್ವತಗಳಿಗೆ ಇಟ್ಟದ್ದು ತನ್ನ ಹಡಗುಗಳಾದ ಎರೆಬಸ್, ಟೆರರ್ ಹೆಸರನ್ನು. ಅವು ನಿಂತಿರುವ ದ್ವೀಪಕ್ಕೆ ರಾಸ್‌ನ ಹೆಸರನ್ನು ಇಟ್ಟದ್ದು ಮುಂದೆ ಬಂದ ಅನ್ವೇಷಕ ಸ್ಕಾಟ್. ಬ್ರಿಟಿಷ್ ನಾವಿಕ ವೆಡೆಲ್ 1823ರಲ್ಲಿ 74 ಡಿಗ್ರಿ ದಕ್ಷಿಣ ದಾಟಿ ಹೋದ ಸಮುದ್ರಕ್ಕೆ ರಾಜ ನಾಲ್ಕನೇ ಜಾರ್ಜ್ ಹೆಸರಿಟ್ಟಿದ್ದ. ಅದು ವೆಡೆಲ್ ಸಮುದ್ರವಾದದ್ದು 1900ರಲ್ಲಿ. ಬಿಯರ್ಡ್‌ಮೋರ್ ಹಿಮನದಿಯದು ಅನ್ವೇಷಕನ ಹೆಸರೇ ಅಲ್ಲ, ಅನ್ವೇಷಕ ಶ್ಯಾಕಲ್ಟನ್‌ಗೆ ಹಣ ಕೊಟ್ಟ ಉದ್ಯಮಿಯದು.

ಕೊರತೆಗಳೂ ಇವೆ. ಅಮೆರಿಕದ ನಮೂದುಗಳಲ್ಲಿ ವಿವರ ಸಾಮಾನ್ಯವಾಗಿ ತುಂಬಿರುತ್ತದೆ. ಬೇರೆ ಹಲವು ಕಡೆ ಒಂದೇ ಸಾಲು, ಇಲ್ಲವೇ ಖಾಲಿ. ಹಳೆಯ ಯಾತ್ರೆಗಳ ಅಳತೆಯಿಂದ ಬಂದ ಅಕ್ಷಾಂಶ, ರೇಖಾಂಶ ಒರಟು. ಎರಡು ದೇಶಗಳ ಅಂಕಿಗಳು ಹೊಂದದಿದ್ದರೆ ಒಂದೇ ಬಂಡೆ ಎರಡು ಜಾಗದಂತೆ ಕಾಣಬಹುದು, ಹಾಗಾಗಿ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡುವುದು ಕಡ್ಡಾಯ. ಈ ಅಂಕಿಗಳನ್ನು ನಕ್ಷೆಗೆ ಹಾಕುವಾಗ ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್ ಚಿಹ್ನೆ ಮರೆಯಬೇಡಿ. ಪಶ್ಚಿಮದ ಮೈನಸ್ ಬಿಟ್ಟರೆ ಪರ್ಯಾಯ ದ್ವೀಪದ ಬಿಂದು ಖಂಡದ ಪೂರ್ವ ಭಾಗಕ್ಕೆ ಹೋಗಿ ಕೂರುತ್ತದೆ.

ಭಾರತದ ಮೈತ್ರಿ ಕೇಂದ್ರದ ಸುತ್ತಲಿನ ಪ್ರದೇಶದಿಂದ ಶುರುಮಾಡಿದರೆ ಇದರ ಬಳಕೆ ಬೇಗ ಕೈಗೆ ಹತ್ತುತ್ತದೆ. ಮೈತ್ರಿ ನಿಂತಿರುವ ಶಿರ್ಮಾಕರ್ ಓಯಸಿಸ್ 1938–39ರ ಜರ್ಮನ್ ಯಾತ್ರೆಯ ಪೈಲಟ್ ಒಬ್ಬರ ಹೆಸರು ಹೊತ್ತಿದೆ. ಪಕ್ಕದ ರಷ್ಯನ್ ಕೇಂದ್ರ ನೊವೊಲಜರೆವ್‌ಸ್ಕಯಾದಲ್ಲಿ ಇರುವುದು 1820ರ ನಾವಿಕ ಲಜರೆವ್ ಹೆಸರು.