ಘಟಪ್ರಭೆಯ ದಂಡೆಯಲ್ಲಿ ಹಕ್ಕಿ ನೋಡಲು: ಧೂಪದಾಳಕ್ಕೆ ನಾಲ್ಕು ಸ್ಟಾರ್, ಹೆರಕಲ್‌ಗೆ ನೀರು ನೋಡಿ ಸ್ಟಾರ್

ಬೆಳಗಾವಿಯಲ್ಲಿ ಹಕ್ಕಿ ನೋಡಬೇಕು ಅಂದರೆ ಎಲ್ಲರೂ ದಾಂಡೇಲಿ ಕಡೆ ಕೈ ತೋರಿಸುತ್ತಾರೆ, ಇಲ್ಲಾಂದ್ರೆ ರಂಗನತಿಟ್ಟು ಅನ್ನುತ್ತಾರೆ. ಅಷ್ಟು ದೂರ ಯಾಕೆ? ನಮ್ಮ ಘಟಪ್ರಭೆಯ ದಂಡೆಯಲ್ಲೇ ಎರಡು ಜಾಗಗಳಿವೆ. ಮೇಲ್ಗಡೆ ಗೋಕಾಕದ ಹತ್ತಿರ ಧೂಪದಾಳ. ಕೆಳಗೆ, ಹೊಳೆ ಇನ್ನೇನು ಕೃಷ್ಣೆಗೆ ಸೇರಬೇಕು ಅನ್ನುವಾಗ, ಆಲಮಟ್ಟಿ ಹಿನ್ನೀರಿನ ಹೆರಕಲ್. ಹೊಳೆ ಒಂದೇ ಆದರೂ ಎರಡು ಜಾಗದ ಸ್ವಭಾವ ಬೇರೆ ಬೇರೆ.

ಮೊದಲು ಧೂಪದಾಳ. ಇದು ಘಟಪ್ರಭಾ ಪಕ್ಷಿಧಾಮ, 1974ರಲ್ಲಿ ಘೋಷಣೆ ಆಗಿದ್ದು, ಸುಮಾರು 30 ಚದರ ಕಿಲೋಮೀಟರ್ ಇದೆ. ಬ್ರಿಟಿಷರ ಕಾಲದ ಒಡ್ಡು ಇಲ್ಲಿ ಹೊಳೆಯನ್ನು ತಡೆದು ಕಾಲುವೆಗೆ ತಿರುಗಿಸುತ್ತದೆ. ಒಡ್ಡಿನ ಹಿಂದೆ ನೀರು ಅಗಲವಾಗಿ ಹರಡಿ ನಿಲ್ಲುತ್ತದೆ, ನಡುವೆ ಸಣ್ಣ ಸಣ್ಣ ನಡುಗಡ್ಡೆ, ಅಂಚಿಗೆ ಜೊಂಡು. ಜೊಂಡಿನ ಹತ್ತಿರ ಸುಮ್ನೆ ಅರ್ಧ ಗಂಟೆ ಕೂತರೆ ಸಾಕು, ನಾಮದ ಕೋಳಿ, ಗುಳುಮುಳುಕ, ಕೆನ್ನೀಲಿ ಬಕ ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋದರೆ ಕರ್ಕರ ಕೊಕ್ಕರೆ ಸಿಗಬಹುದು. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಬರುವ ಹಕ್ಕಿ ಅದು. ಬೆಳಿಗ್ಗೆ ಹೊಲಗಳಲ್ಲಿ ಕಾಳು ಮೇಯುತ್ತದೆ, ಬಿಸಿಲು ಏರಿದ ಮೇಲೆ ನೀರಿಗೆ ಬರುತ್ತದೆ. ಅದಕ್ಕೇ ಬೆಳಿಗ್ಗೆ ಆರಕ್ಕೇ ಹೋಗಿ ಎಂಟಕ್ಕೆ ವಾಪಸ್ ಹೊರಟವರು 'ಏನೂ ಇಲ್ಲ' ಅಂತ ಬೈದುಕೊಂಡು ಹೋಗುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಹನ್ನೊಂದರ ತನಕ ಇರಿ.

ರಂಗನತಿಟ್ಟಿನ ನೆನಪಲ್ಲಿ ಹೋದರೆ ಮಾತ್ರ ಬೇಜಾರಾಗುತ್ತದೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟಿ ಕೂತಿರುತ್ತವೆ, ದೋಣಿ ಹತ್ತಿರ ಬಂದರೂ ಏಳುವುದಿಲ್ಲ. ಇಲ್ಲಿ ಚಳಿಗಾಲ ಕಳೆಯಲು ಬಂದ ಹಕ್ಕಿಗೆ ಕಾಯಲು ಗೂಡೂ ಇಲ್ಲ, ಮರಿಯೂ ಇಲ್ಲ. ನೀವು ಹತ್ತು ಹೆಜ್ಜೆ ಮುಂದೆ ಇಟ್ಟರೆ ಅದು ನೂರು ಗಜ ಹಿಂದೆ ಹೋಗುತ್ತದೆ. ದುರ್ಬೀನು ಇಲ್ಲದೆ ಹೋಗಲೇಬೇಡಿ. ಕೊಳ್ಳುವವರಿದ್ದರೆ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಲೆನ್ಸಿನದು) ತಗೊಳ್ಳಿ, 10×50 ಭಾರ ಜಾಸ್ತಿ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ.

ರೈಲಿನಲ್ಲಿ ಹೋಗುವುದಾದರೆ ಘಟಪ್ರಭಾ ಸ್ಟೇಷನ್‌ನಲ್ಲಿ ಇಳಿಯಿರಿ, ಅಲ್ಲಿಂದ ಟಂಟಂ ಹಿಡಿದರೆ ಆಯಿತು.

ಈಗ ಹೆರಕಲ್ ಕಥೆ. ಅಕ್ಟೋಬರ್‌ನಲ್ಲಿ ಒಂದು ಟೂರ್‌ನವರು (ಹೆಸರು ಬೇಡ) 'ರಾಜಹಂಸ ಸ್ಪೆಷಲ್' (ರಾಜಹಂಸ ಅಂದರೆ ಫ್ಲೆಮಿಂಗೋ) ಅಂತ ದುಡ್ಡು ಕಟ್ಟಿಸಿಕೊಂಡು ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಕಣ್ಣು ಹಾಯಿಸಿದಷ್ಟೂ ನೀರು. ಕಂಡಿದ್ದು ನೀರುಕಾಗೆ, ಮೇಲೆ ಹಾರಾಡುವ ಒಂದೆರಡು ರೀವ, ಅಷ್ಟೇ. ಗೈಡ್ ಆಗಿ ಬಂದ ಹುಡುಗ 'ಸೀಸನ್ ಶುರುವಾಗಿದೆ ಸರ್' ಅನ್ನುತ್ತಲೇ ಇದ್ದ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಕಾಕಾ ಒಬ್ಬರು ನಕ್ಕುಬಿಟ್ಟರು: 'ನೀರು ಇಳಿದಿಲ್ಲರೀ ಸರ, ಹಕ್ಕಿ ಕಾಲು ಎಲ್ಲಿ ಊರಬೇಕು?'

ಅವರು ಹೇಳಿದ್ದೇ ಸರಿ. ರಾಜಹಂಸ ಮೊಣಕಾಲುದ್ದದ ನೀರಲ್ಲಿ ನಿಂತು, ತಲೆ ತಿರುವಿ, ಕೊಕ್ಕನ್ನು ತಲೆಕೆಳಗು ಮಾಡಿ, ಕೆಸರು ನೀರನ್ನು ಸೋಸಿ ತಿನ್ನುವ ಹಕ್ಕಿ. ಆಲಮಟ್ಟಿ ತುಂಬಿದಾಗ, ಅಂದರೆ ಮಟ್ಟ 519.60 ಮೀಟರ್ ಇರುವಾಗ, ಇಲ್ಲಿ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ಕಾಲುವೆಗಳಿಗೆ ನೀರು ಬಿಡುತ್ತಾ ಬಿಡುತ್ತಾ ಹಿನ್ನೀರು ಸರಿದ ಮೇಲೆ ಕೆಸರು ಬಯಲು ಏಳುತ್ತದೆ, ಆಮೇಲೆ ಊಟ ಸಿದ್ಧ. ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಪೇಪರ್‌ನಲ್ಲಿ ಬರುವ ಜಲಾಶಯದ ಮಟ್ಟ ನೋಡಿ. ಮಟ್ಟ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಗಾಡಿ ತೆಗೆಯಿರಿ.

ಹಾಗೆ ನೋಡಿಕೊಂಡು ಬೇಸಿಗೆ ಹತ್ತಿರ ಬಂದಾಗ ನಾವೇ ಗಾಡಿ ಮಾಡಿಕೊಂಡು ಹೋದೆವು. ಅಬ್ಬಾ! ದೂರದಿಂದ ಬಿಳಿ ಗೆರೆ ಎಳೆದಂತೆ ಸಾಲು, ರೆಕ್ಕೆ ಬಿಚ್ಚಿದಾಗ ಮಾತ್ರ ಒಳಗಿನ ಕೆಂಪು ಕಾಣುತ್ತದೆ. ಸಾಲಿನಲ್ಲಿ ಬೂದು ಬಣ್ಣದವೂ ಇದ್ದವು, ಅವು ಬೇರೆ ಜಾತಿ ಅಲ್ಲ, ಎಳೆಯವು. ಬಣ್ಣ ಬರುವುದು ತಿನ್ನುವ ಆಹಾರದಿಂದ, ಅದಕ್ಕೆ ಕೆಲವು ವರ್ಷ ಬೇಕು. ಪಕ್ಕದಲ್ಲೇ ಬಣ್ಣದ ಕೊಕ್ಕರೆ, ಮೆಟ್ಟುಗಾಲು ಹಕ್ಕಿ. ನನ್ನ ಲೆಕ್ಕದಲ್ಲಿ ಆವತ್ತು ಐದಕ್ಕೆ ಐದು, ಆ ಅಕ್ಟೋಬರ್ ದಿನ ಒಂದೂ ಜಾಸ್ತಿಯೇ.

ಎರಡು ತೊಂದರೆ ಹೇಳಿಬಿಡುತ್ತೇನೆ. ದಂಡೆಯ ಎರೆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಹಸಿ ಕೆಸರು, ಕಾಲಿಟ್ಟರೆ ಚಪ್ಪಲಿ ಅಲ್ಲೇ. ಬೈಕಂತೂ ಇಳಿಸಲೇಬೇಡಿ. ಇನ್ನೊಂದು ಬಿಸಿಲು. ಹತ್ತು ಗಂಟೆ ದಾಟಿದರೆ ನೀರಿನ ಮೇಲೆ ಬಿಸಿ ಗಾಳಿ ಕುಣಿಯಲು ಶುರು, ಎಷ್ಟು ದೊಡ್ಡ ಲೆನ್ಸ್ ಇದ್ದರೂ ಫೋಟೋ ಕಲಸಿಹೋಗುತ್ತದೆ. ಧೂಪದಾಳದಲ್ಲಿ ತಡವಾಗಿ ಇರಿ ಅಂದೆನಲ್ಲ, ಇಲ್ಲಿ ಉಲ್ಟಾ, ಬೆಳಕು ಹರಿಯುವ ಹೊತ್ತಿಗೇ ದಂಡೆಯಲ್ಲಿರಬೇಕು. ಡ್ರೋನ್ ಹಾರಿಸಿ ಹಿಂಡು ಎಬ್ಬಿಸುವವರು ಕಂಡರೆ ದಯವಿಟ್ಟು ಎರಡು ಮಾತು ಬೈಯಿರಿ.

ಪಟ್ಟೆತಲೆ ಹೆಬ್ಬಾತು ಬೇಕೆನ್ನುವವರು ಇನ್ನೂ ದಕ್ಷಿಣಕ್ಕೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ಹಿಮಾಲಯ ದಾಟಿ ಬಂದ ಆ ಬಾತುಗಳು ಹಗಲು ಕೆರೆಯಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಹೊಲಕ್ಕೆ ನುಗ್ಗುತ್ತವೆ. ಹೋಗುವುದು ಚಳಿಗಾಲದಲ್ಲೇ ಆಗಲಿ.