ಪಾವೋ, ಕಪ್ಪೋ, ತಕ್ಕಡಿಯೋ?

ಉಕ್ಕರಿಸಿದ ಅಕ್ಕಿ ರೊಟ್ಟಿಗೆ ಅಮ್ಮನ ಲೆಕ್ಕ ಒಂದೇ: ಒಂದು ಪಾವು (ಅಳೆಯುವ ಪುಟ್ಟ ಪಾತ್ರೆ) ಹಿಟ್ಟಿಗೆ ಒಂದು ಪಾವು ನೀರು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಇದು ತಪ್ಪಿದ್ದು ನನಗೆ ನೆನಪಿಲ್ಲ. ಬೆಂಗಳೂರಿನಲ್ಲಿರುವ ತಂಗಿ ಫೋನ್ ಮಾಡಿ, "ಅಕ್ಕಾ, ಲಟ್ಟಿಸಿದರೆ ಅಂಚೆಲ್ಲ ಒಡೀತಿದೆ ಕಣೇ" ಎಂದಳು. ಅವಳ ಹತ್ತಿರ ಪಾವು ಇಲ್ಲ. ಪಾವು ಅಂದ್ರೆ ಕಾಲು ಕೆಜಿ ಎಂದುಕೊಂಡು 250 ಗ್ರಾಂ ಹಿಟ್ಟಿಗೆ 250 ಮಿ.ಲೀ. ನೀರು ಹಾಕಿದ್ದಳು.

ಆ ಭಾನುವಾರ ಅಮ್ಮನ ಹಿತ್ತಾಳೆ ಪಾವು, ಸ್ಟೀಲ್ ಅಳತೆ ಕಪ್, ಡಿಜಿಟಲ್ ತಕ್ಕಡಿ ಮೂರನ್ನೂ ಮುಂದಿಟ್ಟುಕೊಂಡು ಕೂತೆ.

ಮೊದಲು ನೀರು. ಅಡುಗೆಮನೆ ಲೆಕ್ಕದಲ್ಲಿ 1 ಮಿ.ಲೀ. ನೀರು 1 ಗ್ರಾಂ, 1 ಲೀಟರ್ 1 ಕೆಜಿ. ಹಾಗಾಗಿ ಯಾವ ಪಾತ್ರೆ ಎಷ್ಟು ಹಿಡಿಯುತ್ತೆ ಎಂದು ತಿಳಿಯಲು ನೀರು ತುಂಬಿ ತೂಗಿದರೆ ಸಾಕು. ಪಾವು 236 ಗ್ರಾಂ ಹಿಡಿಯಿತು. 250 ಮಿ.ಲೀ. ಎಂದು ಒತ್ತಿದ್ದ ಹೊಸ ಕಪ್ 228ಕ್ಕೇ ತುಂಬಿ ಚೆಲ್ಲಿತು! ಎರಡು ಸಲ ಒರೆಸಿ ಮತ್ತೆ ತೂಗಿದೆ, ಅಷ್ಟೇ. ಕಪ್ ಮೇಲಿನ ನಂಬಿಕೆ ಅಲ್ಲಿಗೆ ಹೋಯಿತು.

ಆಮೇಲೆ ಹಿಟ್ಟು. ಜರಡಿ ಹಿಡಿದು ಚಮಚದಲ್ಲಿ ಮೆಲ್ಲಗೆ ತುಂಬಿದಾಗ ಪಾವಿಗೆ 130 ಗ್ರಾಂ. ನೆಲಕ್ಕೆ ಎರಡು ಸಲ ಕುಟ್ಟಿ ಮೇಲೆ ತುಂಬಿದರೆ 158. ಅಂಗೈಯಲ್ಲಿ ಒತ್ತಿದರೆ 172. ಅದೇ ಪಾವು, ಅದೇ ಹಿಟ್ಟು, 42 ಗ್ರಾಂ ವ್ಯತ್ಯಾಸ. ಅಮ್ಮನನ್ನು ಕರೆದು, "ನೀನು ದಿನಾ ಹೇಗೆ ತುಂಬ್ತೀಯೋ ಹಾಗೇ ತುಂಬು" ಎಂದೆ. ಡಬ್ಬಕ್ಕೆ ಪಾವು ಅದ್ದಿ ಎತ್ತಿದರು, ಹೆಬ್ಬೆರಳಿನಲ್ಲಿ ಬಾಯಿ ಸವರಿದರು. 148. ಇನ್ನೊಂದು ಸಲ, 151. ಮತ್ತೊಂದು ಸಲ, 149. ಅಳತೆ ಪಾವಿನಲ್ಲಿ ಇರಲಿಲ್ಲ, ಆ ಕೈಯಲ್ಲಿತ್ತು. ಅದನ್ನು ತಂಗಿಗೆ ಫೋನಿನಲ್ಲಿ ಹೇಗೆ ಕಳಿಸೋದು?

ಅದಕ್ಕೇ ಹಿಟ್ಟಿಗೆ ತಕ್ಕಡಿಯೇ ಸರಿ ಎನ್ನುತ್ತೇನೆ. ಅಕ್ಕಿಗೆ ಬೇಡ. ಸುಮ್ನೆ ತುಂಬಿದರೆ 196, ಅಲ್ಲಾಡಿಸಿ ತುಂಬಿದರೆ 203. ಅನ್ನಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಪಾವು ಹಿಡಿದು ಅದೇ ಪಾವಿನಲ್ಲಿ ನೀರು ಹಾಕಿ.

ಜೇನಿನಂತೆ ಹರಿಯುವ ಜೋನಿ ಬೆಲ್ಲಕ್ಕೆ ಮಾತ್ರ ಪಾವು ಹಿಡಿಯಲೇಬೇಡಿ. ನೀರಿಗಿಂತ ಬಹಳ ತೂಕ, ನಮ್ಮ ಪಾವಿಗೆ 325 ಗ್ರಾಂ ಬಂತು. ಜೊತೆಗೆ ಒಳಗೋಡೆಗೆ ಅಂಟಿದ್ದು ಬೆರಳು ಹಾಕಿ ಬಳಿದರೂ ಪೂರ್ತಿ ಬರಲ್ಲ. ಪಾತ್ರೆಯನ್ನೇ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ನೇರ ಸುರಿಯಿರಿ. ಎಣ್ಣೆಯದು ತಿರುಗಾಮುರುಗಾ, ನೀರಿಗಿಂತ ಹಗುರ. 1 ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಇರೋದು ಅದಕ್ಕೇ. ಉಪ್ಪಿನಕಾಯಿಗೆ ಕಲ್ಲುಪ್ಪಿನ ಬದಲು ಪುಡಿ ಉಪ್ಪು ಹಾಕುವವರು ತೂಗಿಯೇ ಹಾಕಿ, ಅದೇ ಬಟ್ಟಲಿಗೆ ಪುಡಿ ಜಾಸ್ತಿ ಹಿಡಿಯುತ್ತೆ.

ಚಿಟಿಕೆ ಅರಿಶಿನ, ಇಂಗು ನಮ್ಮ ತಕ್ಕಡಿಗೆ ಗೊತ್ತೇ ಆಗಲ್ಲ. ಅದಕ್ಕೆ ಬೆರಳೇ ಗತಿ.

ಹಿಟ್ಟು, ನೀರು ಎರಡನ್ನೂ 250 ಹಾಕಿದ್ದಕ್ಕೇ ತಂಗಿಯ ಹಿಟ್ಟಿಗೆ ನೀರು ಸಾಲದೆ ಹೋಗಿತ್ತು. ಅವಳಿಗೆ 150 ಗ್ರಾಂ ಹಿಟ್ಟು, 235 ಮಿ.ಲೀ. ನೀರು ಎಂದು ಬರೆದು ಕಳಿಸಿದೆ. ಸಂಜೆ ರೊಟ್ಟಿಯ ಫೋಟೋ ಬಂತು, ಅಂಚು ದುಂಡಗಿತ್ತು. ಅಂಗಡಿ ಹಿಟ್ಟು ತುಂಬ ನುಣುಪಾದ್ದರಿಂದ ನಾದುವಾಗ ಎರಡು ಚಮಚ ಬಿಸಿನೀರು ಜಾಸ್ತಿ ಬೇಕಾಯಿತಂತೆ.