ಡಿಸೈನೂ ನಮ್ಮದೇ, ಕಟ್ಟೋದೂ ನಾವೇ ಅನ್ನೋರಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ಕೆಂಗೇರಿ ಆಚೆ ನಮ್ಮದೊಂದು ಮೂವತ್ತು ನಲವತ್ತು ಸೈಟಿದೆ. ಗ್ರೌಂಡ್ ಪ್ಲಸ್ ಒನ್ ಕಟ್ಟಿಸೋಣ ಅಂತ ಹೊರಟೆವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೇಸ್ತ್ರಿ ಹಿಂದೆ ಓಡಾಡೋದು, ಕಂಬಿ ತೂಕ ಹಾಕಿಸೋದು, ರಾತ್ರಿ ಹನ್ನೊಂದಕ್ಕೆ ಬರೋ ಎಂ ಸ್ಯಾಂಡ್ ಲಾರಿಗೆ ಕಾಯೋದು, ಇದೆಲ್ಲ ನಮ್ಮ ಕೈಲಿ ಆಗಲ್ಲ ಅನ್ನಿಸಿತು. ಅದಕ್ಕೇ ಪ್ಲಾನ್‌ನಿಂದ ಹಿಡಿದು ಬೀಗದ ಕೈ ಕೊಡೋವರೆಗೆ ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ ಅನ್ನೋ ಒಂದು ಕಂಪನಿಗೆ ಕೊಟ್ಟೆವು. ಹೆಸರು ಬರೆಯಲ್ಲ, ಕೇಸ್ ನಡೀತಿದೆ. ಹೆಸರಿಗಿಂತ ಜಾಸ್ತಿ ಮುಖ್ಯ, ಅವರು ಹೇಗೆ ಮಾಡಿದರು ಅನ್ನೋದು.

ಚದರಡಿಗೆ 2,150 ರೂಪಾಯಿ. ಹತ್ತೊಂಬತ್ತೂವರೆ ಚದರ, ಅಂದರೆ 1,950 ಚದರಡಿ. ಒಟ್ಟು ಸುಮಾರು 42 ಲಕ್ಷ. ಆಫೀಸಿನಲ್ಲಿ ಕಾಫಿ ಕೊಟ್ಟು ತ್ರೀಡಿ ಎಲಿವೇಷನ್ ತೋರಿಸಿದರು. ಮನೆ ಮುಂದೆ ಕಾರು, ಬಾಲ್ಕನಿಯಲ್ಲಿ ಹೂವಿನ ಕುಂಡ, ಪಕ್ಕದ ಮನೆಯೇ ಇಲ್ಲ! (ನಮ್ಮ ಸೈಟಿನ ಎರಡೂ ಕಡೆ ಮೂರು ಮೂರು ಅಂತಸ್ತು ಎದ್ದಿದೆ.) ಹೆಂಡತಿಗೆ ಇಷ್ಟ ಆಯಿತು, ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸೈನ್ ಹಾಕಿ ಹತ್ತು ಪರ್ಸೆಂಟ್ ಕೊಟ್ಟ ಮೇಲೆ ಒಂದೊಂದೇ ಹೊರಗೆ ಬಂತು. ಜಿಎಸ್‌ಟಿ 18 ಪರ್ಸೆಂಟ್ ಬೇರೆ. ಅಲ್ಲಿಗೆ ಏಳೂವರೆ ಲಕ್ಷ. ಸಂಪ್ ಬೇರೆ, ಕಾಂಪೌಂಡ್ ಬೇರೆ. ಪಾಯ ಐದು ಅಡಿಗಿಂತ ಕೆಳಗೆ ಹೋದರೆ ಅದೂ ಬೇರೆ. ನಮ್ಮದು ಹಿಂದೆ ಕೆರೆ ಪಕ್ಕದಲ್ಲಿದ್ದ ಜಾಗ, ಮೇಲೆ ಪೂರ್ತಿ ತುಂಬಿದ ಮಣ್ಣು. ಎಂಟು ಅಡಿ ಹೋಗಬೇಕಾಯಿತು. ಮಣ್ಣು ಪರೀಕ್ಷೆ ಮಾಡಿಸದೆ ಪಾಯದ ಡಿಸೈನ್ ಹಾಕಿದ್ದು ಅವರು, ಆಳ ಹೋದಾಗ ದುಡ್ಡು ಕೊಟ್ಟಿದ್ದು ನಾವು. ಡಿಸೈನೂ ನಿಮ್ಮದೇ ಅಂದ ಮೇಲೆ ಈ ರಿಸ್ಕೂ ನಿಮ್ಮದೇ ಅಲ್ವಾ ಅಂತ ಕೇಳಿದೆ. ಅಗ್ರಿಮೆಂಟಿನ ಹನ್ನೊಂದನೇ ಪುಟ ತೋರಿಸಿದರು.

ಇದನ್ನೆಲ್ಲ ಹೇಗೋ ನುಂಗಿಕೊಂಡೆವು. ನಿಜವಾದ ಕಥೆ ಶುರುವಾಗಿದ್ದು ಗ್ರೌಂಡ್ ಫ್ಲೋರ್ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕೋ ಹೊತ್ತಿಗೆ.

ಮಾರನೇ ದಿನ ಕಾಂಕ್ರೀಟ್. ಸೆಂಟ್ರಿಂಗ್ (ಕಾಂಕ್ರೀಟ್ ಹೊರೋ ಹಲಗೆ) ಮೇಲೆ ಕಂಬಿ ಹಾಸಿ ಆಗಿತ್ತು. ನಮ್ಮ ಚಿಕ್ಕಪ್ಪ ಲೋಕೋಪಯೋಗಿ ಇಲಾಖೆಯಲ್ಲಿದ್ದು ರಿಟೈರ್ ಆದವರು, ಸುಮ್ನೆ ನೋಡಿಕೊಂಡು ಹೋಗೋಣ ಅಂತ ಸಂಜೆ ಬಂದಿದ್ದರು. ಏಣಿ ಹತ್ತಿ ಜೇಬಿನಿಂದ ಟೇಪ್ ತೆಗೆದರು. "ಏನೋ ಇದು, ಡ್ರಾಯಿಂಗಲ್ಲಿ ಆರು ಇಂಚಿಗೆ ಒಂದು ಕಂಬಿ ಅಂತಿದೆ, ಇಲ್ಲಿ ಎಂಟು ಇಂಚಿಗೆ ಹಾಕಿದ್ದಾರಲ್ಲೋ" ಅಂದರು. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯೋ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿದ್ದರು, ಕೆಲವು ಕಡೆ ಅದೂ ಇರಲಿಲ್ಲ. ಮೋಲ್ಡ್ ಕಂಬಿ ಅಡಿಗೆ ಕಾಂಕ್ರೀಟ್ ಕನಿಷ್ಠ 20 ಎಂಎಂ ಆದರೂ ಇರಬೇಕು, ಇಲ್ಲದಿದ್ದರೆ ಕೆಲವು ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಚಾವಣಿ ಉದುರೋಕೆ ಶುರುವಾಗುತ್ತದೆ ಅಂತ ಅವರೇ ಹೇಳಿದರು.

ಸೈಟ್ ಇಂಜಿನಿಯರ್ ಹುಡುಗನನ್ನು ಕೇಳಿದರೆ "ಓಕೆ ಸರ್, ಆಫೀಸಿಗೆ ಹೇಳ್ತೀನಿ ಸರ್" ಅಂದ. ನಾಲ್ಕು ತಿಂಗಳಲ್ಲಿ ಅವನು ಮೂರನೆಯವನು. ನಾನು ರಾತ್ರಿಯೇ ಫೋಟೋ ಸಮೇತ ಮೇಲ್ ಹಾಕಿ, ಕಾಂಕ್ರೀಟ್ ನಿಲ್ಲಿಸಿ ಅಂದೆ. ನಿಲ್ಲಿಸಿದರು. ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು.

ಏನು ಬಂತು ಗೊತ್ತಾ? ಹೊಸ ಡ್ರಾಯಿಂಗ್. ಅದರಲ್ಲಿ ಎಂಟು ಇಂಚು ಅಂತ ಇತ್ತು. ಅದೇ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ, ತಾರೀಖು ಮಾತ್ರ ಹಿಂದಿನ ವಾರದ್ದು. "ವ್ಯಾಲ್ಯೂ ಇಂಜಿನಿಯರಿಂಗ್ ಮಾಡಿ ಖರ್ಚು ಉಳಿಸಿದ್ದೇವೆ ಸರ್, ಈಗ ಸೈಟಲ್ಲಿರೋದು ಡ್ರಾಯಿಂಗ್ ಪ್ರಕಾರವೇ ಇದೆ." ಕೆಲಸವನ್ನು ಡ್ರಾಯಿಂಗಿಗೆ ಸರಿ ಮಾಡಲಿಲ್ಲ, ಡ್ರಾಯಿಂಗನ್ನೇ ಕೆಲಸಕ್ಕೆ ಸರಿ ಮಾಡಿದರು!

ಎಂಟು ಇಂಚು ಹಾಕಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ರೂಮಿಗೆ ಅದೂ ಸಾಕಾಗಬಹುದು ಅಂತ ಚಿಕ್ಕಪ್ಪನೇ ಅಂದರು. ಆದರೆ ಸಾಕು ಅನ್ನೋದಕ್ಕೆ ಲೆಕ್ಕ ತೋರಿಸಿ ಅಂದರೆ ತೋರಿಸಲ್ಲ. ಆರರಿಂದ ಎಂಟು ಇಂಚಿಗೆ ಹೋದರೆ ಆ ದಿಕ್ಕಿನ ಕಂಬಿ ಕಾಲು ಭಾಗ ಕಮ್ಮಿಯಾಗುತ್ತದೆ, ನಮ್ಮ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗಲಿಲ್ಲ. ಆ ಇಂಜಿನಿಯರಿಗೆ ಸಂಬಳ ಕೊಡೋದು ಕಂಪನಿ. ಕಂಬಿ ಉಳಿದರೆ ಲಾಭವೂ ಕಂಪನಿಗೇ. ಅಗ್ರಿಮೆಂಟಿನಲ್ಲಿ "ಕಂಪನಿಯ ಇಂಜಿನಿಯರ್ ನಿರ್ಧಾರವೇ ಅಂತಿಮ" ಅಂತ ನಾನೇ ಸಹಿ ಹಾಕಿ ಕೊಟ್ಟಿದ್ದೆ. ಹಳೇ ಪದ್ಧತಿಯಲ್ಲಿ ಡ್ರಾಯಿಂಗ್ ಹಾಕಿದ ಇಂಜಿನಿಯರ್ ಬೇರೆ, ಕಟ್ಟೋ ಮೇಸ್ತ್ರಿ ಬೇರೆ. ಇಬ್ಬರೂ ಜಗಳ ಆಡುತ್ತಾರೆ, ತಲೆ ಕೆಡುತ್ತದೆ, ಆದರೆ ಆ ಜಗಳದಲ್ಲಿ ಮನೆಯವರಿಗೆ ವಿಷಯ ಗೊತ್ತಾಗುತ್ತದೆ. ಇಲ್ಲಿ ಜಗಳ ಆಡೋಕೆ ಇನ್ನೊಬ್ಬರೇ ಇಲ್ಲ.

ಆಮೇಲೆ ಗೊತ್ತಾಗಿದ್ದು, ಹೆದ್ದಾರಿ ಪ್ರಾಧಿಕಾರದವರೂ ಡಿಸೈನು ಕಟ್ಟೋದು ಎರಡನ್ನೂ ಒಬ್ಬರಿಗೇ ಕೊಡುತ್ತಾರಂತೆ, ಇಪಿಸಿ ಅಂತಾರೆ. ಆದರೆ ಅಲ್ಲಿ ಗುತ್ತಿಗೆದಾರನ ಡಿಸೈನು, ಕೆಲಸ ಎರಡನ್ನೂ ನೋಡೋಕೆ ಪ್ರಾಧಿಕಾರವೇ ಬೇರೆ ಇಂಜಿನಿಯರ್ ಸಂಸ್ಥೆಯನ್ನು ನೇಮಿಸುತ್ತದೆ. ಸರ್ಕಾರಕ್ಕೇ ಅದು ಬೇಕು. ನಾನು ಮಾತ್ರ ಕಂಪನಿ ಆ್ಯಪಿನಲ್ಲಿ ಬರೋ ಫೋಟೋ ನೋಡಿಕೊಂಡು ಆರಾಮಾಗಿ ಕೂತಿದ್ದೆ.

ಆ ಮೋಲ್ಡ್ ಕೊನೆಗೆ ಆರು ಇಂಚಿಗೇ ಹಾಕಿಸಿದೆವು, ಎರಡು ವಾರ ಜಗಳ ಆಡಿ. ಅಲ್ಲಿಂದ ಕೆಲಸ ನಿಧಾನ ಆಯಿತು. ಮೊದಲನೇ ಮಹಡಿ ಗೋಡೆ ಲಿಂಟಲ್‌ವರೆಗೆ ಎದ್ದು ನಿಂತೇ ಹೋಯಿತು. ಅಷ್ಟರಲ್ಲಿ ನಾವು 70 ಪರ್ಸೆಂಟ್ ಕೊಟ್ಟಾಗಿತ್ತು. ಯಾಕೆ ಅಂದರೆ ಕಂತು ಎಲ್ಲಾ ಆಯಾ ಹಂತ ಶುರು ಮಾಡೋ ಮುಂಚೆ ಕೊಡಬೇಕು ಅಂತಿತ್ತು. ಮುಗಿದ ಮೇಲೆ ಅಲ್ಲ, ಶುರು ಮಾಡೋ ಮುಂಚೆ. ಬರೀ ಒಂದು ಪದ ಅದು. ಆಗಿದ್ದ ಕೆಲಸ 40 ಪರ್ಸೆಂಟ್ ದಾಟಲ್ಲ ಅಂತ ಚಿಕ್ಕಪ್ಪನ ಲೆಕ್ಕ.

ಬೇರೆಯವರ ಹತ್ತಿರ ಮುಗಿಸೋಣ ಅಂದರೆ ಸ್ಟ್ರಕ್ಚರಲ್ ಡ್ರಾಯಿಂಗ್ ಪೂರ್ತಿ ಸೆಟ್ ನಮ್ಮ ಹತ್ತಿರ ಇಲ್ಲ. ಪಿಲ್ಲರ್ ಕಂಬಿ ಎಷ್ಟು, ಫುಟಿಂಗ್ ಅಳತೆ ಎಷ್ಟು, ಒಂದಕ್ಕೂ ಕಾಗದ ಇಲ್ಲ. ಕೇಳಿದರೆ ಡಿಸೈನ್ ಕಂಪನಿಯ ಸ್ವತ್ತು ಅಂತ ಹನ್ನೆರಡನೇ ಪುಟ. ನಮ್ಮ ಮನೆ ಒಳಗೆ ಎಷ್ಟು ಕಂಬಿ ಇದೆ ಅಂತ ತಿಳಿಯೋಕೆ ನಾವೇ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿದೆವು, ಮೋಲ್ಡಿನಿಂದ ಮೂರು ಕಡೆ ಕಾಂಕ್ರೀಟ್ ಕೋರ್ ಕೊರೆದು ಟೆಸ್ಟಿಗೆ ಕಳಿಸಿದೆವು. ಹೊಸ ಮೋಲ್ಡಿಗೆ ತೂತು ಹೊಡೆಯೋದನ್ನು ನೋಡ್ತಾ ನಿಂತಾಗ ಹೊಟ್ಟೆ ಉರಿಯಿತು.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಿ ಅಂತ ಸುಮಾರು ಜನ ಹೇಳುತ್ತಾರೆ. ಅದು ಬಿಲ್ಡರ್ ಹತ್ತಿರ ಫ್ಲಾಟೋ ಸೈಟೋ ಕೊಂಡವರಿಗೆ. ನಮ್ಮ ಸೈಟಿನಲ್ಲಿ ನಾವೇ ಗುತ್ತಿಗೆ ಕೊಟ್ಟು ಕಟ್ಟಿಸಿದರೆ ಅಲ್ಲಿ ನಡೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡೋದೂ ಸೇವೆಯೇ. ಕೊಟ್ಟ ದುಡ್ಡು 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗ, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಅಗ್ರಿಮೆಂಟಿನಲ್ಲಿ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಕಲಂ ಇದ್ದರೂ ಹಾಕಬಹುದು ಅಂದರು ನಮ್ಮ ವಕೀಲರು. ಹಾಕಿದ್ದೇವೆ. ಆ ರಾತ್ರಿ ಹಾಕಿದ ಮೇಲ್, ಹಿಂದಿನ ತಾರೀಖಿನ ಡ್ರಾಯಿಂಗ್, ಟೇಪ್ ಹಿಡಿದ ಫೋಟೋ, ಇವೇ ಈಗ ನಮ್ಮ ಆಸ್ತಿ. ಬಾಯಿಮಾತಲ್ಲಿ ಜಗಳ ಆಡಿದ್ದಿದ್ದರೆ ಕೈಲಿ ಏನೂ ಇರುತ್ತಿರಲಿಲ್ಲ.

ಇಂಥ ಕಂಪನಿಗಳೆಲ್ಲ ಕಳ್ಳರಲ್ಲ, ನಮ್ಮ ಆಫೀಸಿನವರೊಬ್ಬರು ಚೆನ್ನಾಗಿಯೇ ಕಟ್ಟಿಸಿಕೊಂಡಿದ್ದಾರೆ. ನೀವೂ ಕೊಡೋದಾದರೆ ಪಾಯಕ್ಕೆ ಮುಂಚೆ ಸ್ಟ್ರಕ್ಚರಲ್ ಡ್ರಾಯಿಂಗ್ ಪೂರ್ತಿ ಸೆಟ್ಟು ಸಹಿ ಸಮೇತ ಕೈಗೆ ತಗೊಳ್ಳಿ. ಕಂಪನಿಗೆ ಸಂಬಂಧ ಇಲ್ಲದ ಒಬ್ಬ ಇಂಜಿನಿಯರ್‌ಗೆ ತೋರಿಸಿ, ಪ್ರತಿ ಕಾಂಕ್ರೀಟಿಗೆ ಮುಂಚೆ ಆ ಇಂಜಿನಿಯರ್ ಬಂದು ನೋಡುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಅದಕ್ಕೆ ಒಪ್ಪಲ್ಲ ಅಂದರೆ ಕಾಫಿ ಕುಡಿದು ಎದ್ದು ಬನ್ನಿ.

ನಾವೀಗ ಲೇಬರ್ ಕಾಂಟ್ರಾಕ್ಟ್ ಕೊಟ್ಟಿದ್ದೇವೆ, ಕೂಲಿ ಮಾತ್ರ ಅವರದು, ಸಾಮಾನು ನಮ್ಮದು. ಕಂಬಿ ತೂಕ ನಾನೇ ಹಾಕಿಸುತ್ತೇನೆ, ಎಂ ಸ್ಯಾಂಡ್ ಲಾರಿಗೆ ಹೆಂಡತಿ ಕಾಯುತ್ತಾಳೆ. ಮೊನ್ನೆ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಮುಗಿಸಿಕೊಟ್ಟ ಮನೆಗಳು ಅನ್ನೋದರ ಕೆಳಗೆ ನಮ್ಮ ಎಲಿವೇಷನ್ ಇದೆ, ಕಾರು, ಹೂವಿನ ಕುಂಡ ಸಮೇತ. ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ದೇನೆ.